ಚಾರಣ ಒಲೆಯ ಪಾತ್ರೆಯಾಸರೆ ಮತ್ತು ಗಾಳಿತಡೆ

ಚಾರಣಿಗರು ಬೆನ್ನುಚೀಲದಲ್ಲಿ ಒಯ್ಯುವ ಹಗುರವಾದ ಒಲೆಗಳ ಮೇಲೆ ಪಾತ್ರೆಯನ್ನು ಅಲುಗದಂತೆ ನಿಲ್ಲಿಸುವ ಸಾಧನವೇ ಪಾತ್ರೆಯಾಸರೆ. ಜ್ವಾಲೆಯನ್ನು ಗಾಳಿಯಿಂದ ಕಾಯುವ ತಗಡಿನ ಸುತ್ತುಗೋಡೆಯೇ ಗಾಳಿತಡೆ. ಸ್ವೀಡನ್ನಿನ ಟ್ರಾಂಗಿಯಾ ಸಂಸ್ಥೆಯು 1951ರಲ್ಲಿ ಹೊರತಂದ ಸ್ಪಿರಿಟ್ ಒಲೆಯಲ್ಲಿ ಇವೆರಡೂ ಒಲೆಯ ಅಂಗಗಳೇ ಆಗಿವೆ. ತಂಪುಪಾನೀಯದ ಡಬ್ಬಿಯನ್ನು ಕತ್ತರಿಸಿ ಮಾಡಿಕೊಳ್ಳುವ ಪುಟ್ಟ ಸ್ಪಿರಿಟ್ ಒಲೆಗಳಿಗಾದರೋ ಇವನ್ನು ಕೈಗೆ ಸಿಕ್ಕ ಸಾಮಗ್ರಿಯಿಂದಲೇ ರಚಿಸಿಕೊಳ್ಳುವುದು ವಾಡಿಕೆ.

ಪಾತ್ರೆಯಾಸರೆ

ಎಲ್ಲಕ್ಕಿಂತ ಸರಳವಾದುದು ಮೂರು ಕಲ್ಲು. ಕನ್ನಡನಾಡಿನ ಹಳೆಯ ಅಡುಗೆಮನೆಗಳ ಒಲೆಗುಂಡುಗಳ ತತ್ತ್ವವೂ ಇದೇ: ತಗ್ಗುದಿಣ್ಣೆಯ ನೆಲದಲ್ಲಿ ನಾಲ್ಕು ಕಾಲಿನ ಪೀಠ ಕುಂಟುತ್ತದೆ, ಮೂರು ಕಾಲಿನದು ಕುಂಟದು. ಹೊಳೆಯಿಂದ ಆಗತಾನೆ ತೆಗೆದ ಕಲ್ಲು ಕಾದಾಗ ಸಿಡಿಯಬಹುದಾದ್ದರಿಂದ ಒಣಗಿದ ಕಲ್ಲನ್ನೇ ಆರಿಸಬೇಕು. ಮೆತ್ತನೆಯ ನೆಲವಾದರೆ ಗುಡಾರದ ಮೂರು ಉಕ್ಕಿನ ಗೂಟಗಳನ್ನು ನೆಟ್ಟರೂ ಸಾಕು. ತಂತಿಬಲೆಯನ್ನು ಉರುಳೆಯಾಗಿ ಸುತ್ತಿ ಒಲೆಯ ಸುತ್ತ ನಿಲ್ಲಿಸುವುದೂ ಉಂಟು. ಸತುವಿನ ಲೇಪವಿರುವ ಬಲೆ ಬಹಳ ಕಾದರೆ ಹಾನಿಕರ ಹೊಗೆ ಬಿಡುವುದರಿಂದ ಲೇಪವಿಲ್ಲದ ಉಕ್ಕಿನ ಬಲೆ ಮೇಲು. ಸ್ಪಿರಿಟ್ ಒಲೆಯ ಬಾಯಿಗೂ ಪಾತ್ರೆಯ ತಳಕ್ಕೂ ಸುಮಾರು 3 ಸೆಂಟಿಮೀಟರ್ ಅಂತರವಿರಬೇಕು. ತೀರ ಹತ್ತಿರವಾದರೆ ಜ್ವಾಲೆ ಉಸಿರುಗಟ್ಟುತ್ತದೆ, ದೂರವಾದರೆ ಶಾಖ ಪೋಲಾಗುತ್ತದೆ.

ಗಾಳಿತಡೆ

ಸ್ಪಿರಿಟ್ಟಿನ ಜ್ವಾಲೆ ಮೃದುವಾದುದು; ಸಣ್ಣ ಗಾಳಿಗೂ ಪಕ್ಕಕ್ಕೆ ವಾಲಿ, ಪಾತ್ರೆಯನ್ನು ಬಿಟ್ಟು ಬಯಲನ್ನು ಕಾಯಿಸುತ್ತದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮೂರು-ನಾಲ್ಕು ಪದರವಾಗಿ ಮಡಚಿ, ಕಾಗದದ ಕ್ಲಿಪ್ಪಿನಿಂದ ಬಂಧಿಸಿದರೆ ಗಾಳಿತಡೆ ಸಿದ್ಧ. ಅದಕ್ಕೂ ಪಾತ್ರೆಗೂ ನಡುವೆ ಸುಮಾರು 1 ಸೆಂಟಿಮೀಟರ್ ತೆರಪು ಬಿಡಬೇಕು, ಬುಡದಲ್ಲಿ ಗಾಳಿಯಾಡಲು ತೂತುಗಳಿರಬೇಕು. ಹಗಲಿನಲ್ಲಿ ಈ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟವಾದ್ದರಿಂದ ಆರಿದೆಯೆಂದು ಭಾವಿಸಿ ಸ್ಪಿರಿಟ್ ಸುರಿಯುವುದು ಅಪಾಯಕರ.

ಅನಿಲದ ಒಲೆಗಳಲ್ಲಿ ಎಚ್ಚರಿಕೆ

ಸ್ಪಿರಿಟ್ ಒಲೆಗೆ ಒಪ್ಪುವ ಈ ಸುತ್ತುಗೋಡೆಯನ್ನು ಅನಿಲದ ಡಬ್ಬಿಯ ಮೇಲೆಯೇ ತಿರುಪಿ ಕೂರಿಸುವ ಒಲೆಗೆ ಬಳಸಲೇಬಾರದು. ಗೋಡೆಯೊಳಗೆ ಸಿಕ್ಕಿಬಿದ್ದ ಶಾಖವು ಡಬ್ಬಿಯನ್ನು ಕಾಯಿಸಿ, ಒಳಗಿನ ಒತ್ತಡವನ್ನು ಏರಿಸಿ, ಅದು ಸ್ಫೋಟಿಸುವಂತೆ ಮಾಡಬಹುದು. ಅಲ್ಲಿ ಗಾಳಿ ಬೀಸುವ ಕಡೆಗೆ ಮಾತ್ರ, ಒಲೆಯಿಂದ ತುಸು ದೂರದಲ್ಲಿ ಮರೆಯಿಡಬೇಕು. ಆಗಾಗ ಡಬ್ಬಿಯನ್ನು ಮುಟ್ಟಿ ನೋಡಿ, ಕೈಗೆ ಬಿಸಿ ತಾಗಿದರೆ ಒಲೆಯನ್ನು ಆರಿಸಬೇಕು. ಡಬ್ಬಿ ದೂರದಲ್ಲಿದ್ದು ಕೊಳವೆಯ ಮೂಲಕ ಅನಿಲ ಹರಿಯುವ ಒಲೆಗಳಿಗೆ, ಡಬ್ಬಿಯನ್ನು ಹೊರಗುಳಿಸಿ, ಪೂರ್ಣ ಸುತ್ತುಗೋಡೆ ಹಾಕಬಹುದು.

ಗಾಳಿಗೆ ಅಂಜಿ ಒಲೆಯನ್ನು ಗುಡಾರದೊಳಗೆ ಹೊತ್ತಿಸುವುದು ಪರಿಹಾರವಲ್ಲ. ಮುಚ್ಚಿದ ಜಾಗದಲ್ಲಿ ಸೇರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.