ಮನೆಯ ಗೆದ್ದಲು ಮತ್ತು ಮನೆಮಂದಿಯ ಆರೋಗ್ಯ

ಶಲವಡಿ, ಅಣ್ಣಿಗೇರಿ, ನವಲಗುಂದಗಳ ಸುತ್ತಲಿನ ಎರೆ ಸೀಮೆಯಲ್ಲಿ ಇಂದಿಗೂ ಮಣ್ಣಿನ ಮಾಳಿಗೆಯ ಮನೆಗಳು ಉಳಿದುಕೊಂಡಿವೆ. ದಪ್ಪ ಗೋಡೆ, ಸಾಗವಾನಿ ಅಥವಾ ಬೇವಿನ ತೊಲೆ, ತೊಲೆಯ ಮೇಲೆ ಜಂತೆ, ಎಲ್ಲದರ ಮೇಲೆ ಒಂದಡಿ ಮಣ್ಣು. ಬೇಸಿಗೆಯಲ್ಲಿ ಇಂಥ ಮನೆಯ ತಂಪು ಸಿಮೆಂಟಿನ ಮನೆಗೆ ಬಾರದು. ಆದರೆ ಹತ್ತಡಿ ಉದ್ದ, ಹತ್ತಡಿ ಅಗಲದ ಒಂದು ಕೋಣೆಯ ಮೇಲಿನ ಆ ಮಣ್ಣು ಒಣಗಿದ್ದಾಗಲೇ ಸುಮಾರು ನಾಲ್ಕು ಟನ್ ತೂಗುತ್ತದೆ. ಮಳೆ ಹಿಡಿದರೆ ತೂಕ ಇನ್ನೂ ಹೆಚ್ಚುತ್ತದೆ. ಅಷ್ಟು ಭಾರವನ್ನು ಹೊತ್ತ ತೊಲೆಯನ್ನು ಗೆದ್ದಲು ಒಳಗಿನಿಂದ ಟೊಳ್ಳು ಮಾಡಿದ್ದರೆ ಆ ಮಾಳಿಗೆಯ ಕೆಳಗೆ ಮಲಗಿದವರ ಗತಿಯೇನು? 2019ರ ಆಗಸ್ಟ್ ಮಳೆಯಲ್ಲಿ ನಮ್ಮ ಜಿಲ್ಲೆಯ ಮಣ್ಣಿನ ಮನೆಗಳು ಹೇಗೆ ಕುಸಿದವೆಂಬುದನ್ನು ಸದ್ಭಕ್ತರು ಮರೆತಿರಲಾರರು. ಅವೆಲ್ಲವೂ ಗೆದ್ದಲಿನಿಂದ ಬಿದ್ದವು ಎಂದು ನಾವು ಹೇಳುತ್ತಿಲ್ಲ. ನೆನೆದ ಗೋಡೆಗೆ ಟೊಳ್ಳು ತೊಲೆಯೂ ಜೊತೆಯಾದರೆ ಮನೆ ನಿಲ್ಲಲಾರದು ಎಂಬುದಷ್ಟೇ ನಮ್ಮ ಮಾತು.

ಹಿರಿಯರು ಒರಲೆ ಎಂದು ಕರೆಯುವ ಈ ಹುಳು ಮನುಷ್ಯನಿಗೆ ರೋಗವನ್ನು ತರುವುದಿಲ್ಲ. ಬೆಳಕಿಗೂ ಒಣಗಾಳಿಗೂ ಅಂಜಿ ನೆಲದೊಳಗೆ ಬದುಕುತ್ತದೆ. ಹೊರಗೆ ಬರಬೇಕಾದರೆ ಮಣ್ಣನ್ನು ಜೊಲ್ಲಿನಿಂದ ಕಲಸಿ ಸುರಂಗ ಕಟ್ಟಿಕೊಂಡೇ ಬರುತ್ತದೆ. ಒಂದು ಮಿಲಿಮೀಟರಿನ ಬಿರುಕು ಅದಕ್ಕೆ ಹೆದ್ದಾರಿ. ನಮ್ಮ ಎರೆಭೂಮಿಯಾದರೋ ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಉಬ್ಬುವಂಥದು. ಈ ಎಳೆದಾಟದಲ್ಲಿ ಗೋಡೆಗೂ ನೆಲಕ್ಕೂ ನಡುವೆ ಸಂದು ಬೀಳುವುದರಿಂದ, ಹೊಸದಾಗಿ ಕಟ್ಟಿದ ಸಿಮೆಂಟಿನ ಮನೆಯವರೂ ತಮಗೆ ಈ ಚಿಂತೆಯಿಲ್ಲವೆಂದು ತಿಳಿಯಬಾರದು.

ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮೊದಲು ಮತ್ತು ಮಳೆಗಾಲ ಮುಗಿದ ಮೇಲೆ, ಮನೆಯನ್ನು ನಾವೇ ಪರೀಕ್ಷಿಸಬಹುದು. ಬೇಕಾದುದು ಒಂದು ಬ್ಯಾಟರಿ, ಒಂದು ದಬ್ಬಣ, ಮತ್ತು ಅರ್ಧ ದಿನದ ಬಿಡುವು. ಬಚ್ಚಲಿನ ಹಿಂದಿನ ಗೋಡೆಯಿಂದ ಆರಂಭಿಸುವುದು ಲೇಸು, ಏಕೆಂದರೆ ತೇವವಿರುವಲ್ಲಿಗೆ ಗೆದ್ದಲು ಮೊದಲು ಬರುತ್ತದೆ. ಬಾಗಿಲ ಚೌಕಟ್ಟಿನ ಬುಡ, ಹೊಸ್ತಿಲು, ಪಡಸಾಲೆಯ ಕಂಬಗಳು ಕಲ್ಲಿನ ಮೇಲೆ ಕೂರುವ ಜಾಗ, ದೇವರ ಜಗುಲಿಯ ಹಿಂಬದಿ, ತೊಲೆಯ ತುದಿ ಗೋಡೆಯೊಳಗೆ ಹೊಕ್ಕಿರುವ ಮೂಲೆ, ಇವನ್ನು ಬಿಡದೆ ನೋಡಬೇಕು. ಬೆರಳ ದಪ್ಪದ ಮಣ್ಣಿನ ಗೆರೆ ಕಂಡರೆ ಎರಡು ಬೆರಳಿನಷ್ಟು ಉದ್ದ ಮುರಿದು ಬಿಡಿ. ಎರಡು ದಿನದಲ್ಲಿ ಅದು ಮತ್ತೆ ಕೂಡಿಕೊಂಡಿದ್ದರೆ ಒಳಗೆ ಹುಳು ಜೀವಂತವಾಗಿದೆ. ತೊಲೆಯನ್ನು ಕೋಲಿನಿಂದ ತಟ್ಟಿದಾಗ ಡೋಲಿನಂತೆ ಸದ್ದು ಬಂದರೆ, ಅಥವಾ ದಬ್ಬಣ ಸಲೀಸಾಗಿ ಒಳಸೇರಿದರೆ, ಔಷಧಿಯ ಮಾತು ಆಮೇಲೆ. ಮೊದಲು ಆ ತೊಲೆಗೆ ಆಸರೆ ಕೊಟ್ಟು ಬಡಿಗರನ್ನು ಕರೆಸಬೇಕು.

ಮರದ ಕೆಳಗೆ ಹಿಟ್ಟಿನಂಥ ನುಣ್ಣನೆಯ ಪುಡಿ ಬಿದ್ದಿದ್ದರೆ ಅದು ನೆಲದ ಗೆದ್ದಲಲ್ಲ, ಮರ ಕೊರೆಯುವ ಬೇರೆ ಹುಳು. ಅದಕ್ಕೆ ನೆಲಕ್ಕೆ ಔಷಧಿ ಸುರಿಯುವುದು ದಂಡದ ಖರ್ಚು. ಮೊದಲ ಮಳೆಯ ಸಂಜೆ ದೀಪದ ಸುತ್ತ ರೆಕ್ಕೆಯ ಹುಳುಗಳು ಬಂದವೆಂದು ಗಾಬರಿಯಾಗುವುದೂ ಬೇಡ, ಅವು ಹೊರಗಿನ ಹುತ್ತಗಳಿಂದ ಬರುತ್ತವೆ. ಮನೆಯೊಳಗಿನ ಗೋಡೆಯ ಸಂದಿನಿಂದಲೇ ಹೊರಟರೆ ಮಾತ್ರ ಎಚ್ಚರಾಗಬೇಕು.

ಹತ್ತಿಕಟ್ಟಿಗೆಯನ್ನೂ ಕುಳ್ಳನ್ನೂ ಗೋಡೆಗೆ ಒತ್ತಿ ಒಟ್ಟುವ ರೂಢಿ ನಮ್ಮಲ್ಲಿದೆ. ಇದು ಗೆದ್ದಲಿಗೆ ಹಾಸಿಕೊಟ್ಟ ಎಡೆ. ಗೋಡೆಯಿಂದ ಎರಡು ಮಾರು ದೂರ, ಕಲ್ಲಿನ ಮೇಲೆ ಒಟ್ಟಿದರೆ ಅರ್ಧ ಕೆಲಸ ಮುಗಿದಂತೆ. ಹೊಲದ ಉತಾರ, ಹಳೆಯ ಗ್ರಂಥಗಳಿರುವ ಪೆಟ್ಟಿಗೆಯೂ ಗೋಡೆಗೆ ತಾಗಬಾರದು. ಫ. ಗು. ಹಳಕಟ್ಟಿಯವರು ತಾಳೆಗರಿಗಳನ್ನು ಅರಸಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಅದಕ್ಕೆ ಮುನ್ನ ಅಟ್ಟಗಳ ಮೇಲೆ ಎಷ್ಟು ಕಟ್ಟುಗಳು ಹುಳುವಿನ ಪಾಲಾದವೋ ಲೆಕ್ಕವಿಟ್ಟವರಿಲ್ಲ.

ಇನ್ನು ಈ ಲೇಖನವನ್ನು ಆರೋಗ್ಯದ ಪುಟದಲ್ಲಿ ಬರೆಯಲು ಕಾರಣವಾದ ಸಂಗತಿ. ಗೆದ್ದಲು ಕಂಡೊಡನೆ ನಮ್ಮ ರೈತ ಬಂಧುಗಳು ಮಾಡುವುದು ಒಂದೇ: ಹತ್ತಿಗೋ ಮೆಣಸಿನ ಗಿಡಕ್ಕೋ ಹೊಡೆದು ಉಳಿದ ‘ಎಣ್ಣೆ’ಯನ್ನು ಅಂದಾಜಿನ ಮೇಲೆ ನೀರಿಗೆ ಬೆರೆಸಿ ಗೋಡೆ, ತೊಲೆ, ಅಟ್ಟಗಳಿಗೆ ಎರಚುವುದು. ಹೊಲದಲ್ಲಿ ಗಾಳಿ, ಬಿಸಿಲುಗಳು ಆ ವಿಷವನ್ನು ಬೇಗ ಕುಗ್ಗಿಸುತ್ತವೆ. ಮುಚ್ಚಿದ ಕೋಣೆಯಲ್ಲಿ ಅದು ಬಹುಕಾಲ ನಿಂತು, ನೆಲದ ಮೇಲೆ ಅಂಬೆಗಾಲಿಡುವ ಕೂಸಿನ ಕೈಬಾಯಿಗೆ ಸೇರುತ್ತದೆ. ಗೆದ್ದಲಿಗೆಂದು ಬಹಳವಾಗಿ ಬಳಕೆಯಾಗುವ ಕ್ಲೋರ್‌ಪೈರಿಫಾಸ್ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಡುಕೆಂಬ ಕಾರಣದಿಂದ ಅಮೆರಿಕದಲ್ಲಿ ಅದರ ಗೃಹಬಳಕೆಯನ್ನು ಬಹುಮಟ್ಟಿಗೆ ಕೈಬಿಡಲು 2000ದಲ್ಲಿಯೇ ತೀರ್ಮಾನವಾಯಿತು. ಇದಕ್ಕಿಂತ ಘೋರವಾದುದು, ಉಳಿದ ಔಷಧಿಯನ್ನು ನೀರಿನ ಬಾಟಲಿಗೆ ಸುರಿದು ಗೂಡಿನಲ್ಲಿಡುವುದು. ನೀರು ಬೆರೆತರೆ ಅದು ಹಾಲಿನಂತೆ ಕಾಣುತ್ತದೆ. ಮಗುವಿಗೆ ಭೇದ ತಿಳಿಯದು.

ಅಂಥ ವಿಷ ಮೈಸೇರಿದರೆ ಜೊಲ್ಲು, ಕಣ್ಣೀರು, ಬೆವರು ಸುರಿಯುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ವಾಂತಿ, ಸ್ನಾಯುಗಳ ಅದುರು, ಉಸಿರಾಟದ ಕಷ್ಟ ತೋರುತ್ತವೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಾರದು. ಔಷಧಿಯಲ್ಲಿರುವ ಸೀಮೆಎಣ್ಣೆಯಂಥ ದ್ರಾವಕ ಶ್ವಾಸಕೋಶಕ್ಕಿಳಿದರೆ ಅಪಾಯ ಇಮ್ಮಡಿಸುತ್ತದೆ. ಬಟ್ಟೆ ಕಳಚಿ, ಸಾಬೂನಿನಿಂದ ಮೈತೊಳೆದು, 108ಕ್ಕೆ ಕರೆಮಾಡಿ, ಡಬ್ಬಿಯ ಸಮೇತ ಆಸ್ಪತ್ರೆಗೆ ಧಾವಿಸಬೇಕು. ಡಬ್ಬಿಯ ಚೀಟಿ ನೋಡಿದರೆ ವೈದ್ಯರು ಅಟ್ರೋಪಿನ್ ಮೊದಲಾದ ಚಿಕಿತ್ಸೆಯನ್ನು ತಡವಿಲ್ಲದೆ ಆರಂಭಿಸುವರು.

ಹಾಗಾದರೆ ಉಪಚಾರವೇ ಬೇಡವೇ? ಬೇಕು, ಆದರೆ ವಿಷ ಸೇರಬೇಕಾದುದು ಮಣ್ಣಿಗೆ, ಗಾಳಿಗಲ್ಲ. ಕಟ್ಟಿದ ಮನೆಗೆ ಮಾಡುವ ಕ್ರಮವನ್ನು ಭಾರತೀಯ ಮಾನಕ 6313ರ ಮೂರನೆಯ ಭಾಗ ವಿವರಿಸುತ್ತದೆ. ಗೋಡೆ ಮತ್ತು ನೆಲ ಕೂಡುವಲ್ಲಿ ಸುಮಾರು ಒಂದಡಿಗೊಂದರಂತೆ 12 ಮಿಲಿಮೀಟರಿನ ರಂಧ್ರ ಕೊರೆದು, ಔಷಧಿಯನ್ನು ಕೆಳಗಿನ ಮಣ್ಣಿಗೆ ಇಳಿಸಿ, ರಂಧ್ರ ಮುಚ್ಚುತ್ತಾರೆ. ಗೇರೆಣ್ಣೆ, ಬೇವಿನೆಣ್ಣೆಗಳನ್ನು ಬಳಿಯುವ ಹಿರಿಯರ ಪದ್ಧತಿ ಮರದ ಮೈಯನ್ನು ಕೆಲಕಾಲ ಕಾಯಬಲ್ಲದು. ನೆಲದೊಳಗಿನ ಗೂಡನ್ನು ಅದು ಮುಟ್ಟಲಾರದು. ಗೇರೆಣ್ಣೆ ತಾಗಿದರೆ ಚರ್ಮ ಬೊಬ್ಬೆಯೇಳುತ್ತದೆ ಎಂಬುದೂ ನೆನಪಿರಲಿ.

ಕೂಲಿಗೆ ಔಷಧಿ ಹಾಕುವವರು 1968ರ ಕೀಟನಾಶಕ ಕಾಯ್ದೆಯಂತೆ ಪರವಾನಗಿ ಹೊಂದಿರಬೇಕು. ಅದನ್ನು ಕೇಳಲು ಸಂಕೋಚ ಬೇಡ. ಡಬ್ಬಿಯನ್ನು ನಿಮ್ಮೆದುರೇ ಒಡೆಯಲು ಹೇಳಿರಿ. ಅದರ ಮೇಲಿನ ಗುರುತು ಕೆಂಪಾದರೆ ಅತ್ಯುಗ್ರ ವಿಷ. ಹಳದಿ, ನೀಲಿ, ಹಸಿರು ಕ್ರಮವಾಗಿ ಕಡಿಮೆ. ಬಾವಿಯ ಬಳಿಯಾಗಲಿ, ಕುಡಿಯುವ ನೀರಿನ ತೊಟ್ಟಿಯ ಪಕ್ಕದಲ್ಲಾಗಲಿ ಹಾಕಿಸಲೇಬಾರದು. ಕೆರೆಯ ನೀರನ್ನೇ ನಂಬಿದ ನಮ್ಮ ಸೀಮೆಯವರು ಖಾಲಿ ಡಬ್ಬಿಯನ್ನು ಕೆರೆಯಲ್ಲಿ ತೊಳೆಯಲೂಬಾರದು. ಕೆಲಸದ ದಿನ ಗರ್ಭಿಣಿಯರು, ಮಕ್ಕಳು, ವೃದ್ಧರು ಬೇರೆ ಮನೆಯಲ್ಲಿರಲಿ. ಕಾಳುಕಡಿ, ಹಿಟ್ಟು, ಕೊಡಗಳನ್ನು ಮೊದಲೇ ಹೊರಗೆ ಸಾಗಿಸಿ. ನೆಲ ಪೂರ್ತಿ ಒಣಗಿ, ಕಿಟಕಿ ಬಾಗಿಲು ತೆರೆದಿಟ್ಟು ವಾಸನೆ ಹೋದ ಬಳಿಕವೇ ಮನೆಮಂದಿ ಮರಳಬೇಕು. ಮುಂದಿನ ಮುಂಗಾರಿಗೆ ಅದೇ ದಬ್ಬಣ ಹಿಡಿದು ಅದೇ ಮೂಲೆಗಳನ್ನು ಮತ್ತೊಮ್ಮೆ ನೋಡಿರಿ.