ತಪ್ಪಿದವನಿಗೆ ಮರಳಿ ಕಣವುಂಟೆ?

1988ನೆಯ ಸೆಪ್ಟೆಂಬರ್ 24ರಂದು ಸೋಲ್ ಒಲಿಂಪಿಕ್ಸ್‌ನಲ್ಲಿ ಕೆನಡಾ ದೇಶದ ಬೆನ್ ಜಾನ್ಸನ್ ನೂರು ಮೀಟರ್ ದೂರವನ್ನು 9.79 ಸೆಕೆಂಡುಗಳಲ್ಲಿ ಓಡಿ ಜಗತ್ತನ್ನೇ ಬೆರಗುಗೊಳಿಸಿದನು. ಮೂರು ದಿನ ಕಳೆಯುವುದರೊಳಗೆ, ಅವನು ಸ್ಟನೊಜೊಲಾಲ್ ಎಂಬ ಉದ್ದೀಪನ ಮದ್ದನ್ನು ಸೇವಿಸಿದ್ದನೆಂಬುದು ಮೂತ್ರಪರೀಕ್ಷೆಯಿಂದ ಬಯಲಾಯಿತು. ಪದಕವೂ ದಾಖಲೆಯೂ ಕೈತಪ್ಪಿದುವು. ಎರಡು ವರ್ಷಗಳ ನಿಷೇಧ ಮುಗಿಸಿ 1991ರಲ್ಲಿ ಕಣಕ್ಕೆ ಮರಳಿದವನು 1993ರಲ್ಲಿ ಮತ್ತೆ ಸಿಕ್ಕಿಬಿದ್ದನು. ಈ ಸಲ ವಿಧಿಸಿದುದು ಆಜೀವ ನಿಷೇಧ.

ಹಾಗಾದರೆ ಮೊದಲು ತೋರಿದ ಕ್ಷಮೆಯೇ ತಪ್ಪಾಯಿತೆ? ಹಾಗೆನ್ನಲಾಗದು. ಶಿಕ್ಷೆಗೆ ಅವಧಿಯೊಂದನ್ನು ಗೊತ್ತುಮಾಡಿದ ಮೇಲೆ, ಅದು ತೀರಿದಂದು ಬಾಗಿಲು ತೆರೆಯುವುದೇ ನ್ಯಾಯ. ಮೇಲಾಗಿ ಜಾನ್ಸನ್ ಒಬ್ಬಂಟಿಯಾಗಿ ಕೆಟ್ಟವನಲ್ಲ. ಈ ವ್ಯವಹಾರದಲ್ಲಿ ತಮ್ಮ ಪಾತ್ರವಿದ್ದುದನ್ನು ಅವನ ತರಬೇತುದಾರನೂ ವೈದ್ಯನೂ 1989ರಲ್ಲಿ ಕೆನಡಾ ಸರಕಾರದ ವಿಚಾರಣಾ ಆಯೋಗದ ಮುಂದೆ ಒಪ್ಪಿಕೊಂಡರು.

ಆದರೆ ಕರುಣೆ ತೋರುವಾಗ ಇನ್ನೊಬ್ಬನನ್ನು ಮರೆಯಲಾಗದು. ಸೋಲ್‌ನ ಆ ಓಟದಲ್ಲಿ ನಾಲ್ಕನೆಯವನಾಗಿ ಗುರಿಮುಟ್ಟಿದವನು ಅಮೆರಿಕದ ಕ್ಯಾಲ್ವಿನ್ ಸ್ಮಿತ್. ಕಂಚಿನ ಪದಕವೇನೋ ಅವನಿಗೆ ಆಮೇಲೆ ದೊರೆಯಿತು. ಆದರೆ ಓಟದ ದಿನ ಜನಸ್ತೋಮದ ಕರತಾಡನದ ನಡುವೆ ವೇದಿಕೆಯನ್ನೇರುವ ಭಾಗ್ಯ ಅವನದಾಗಲಿಲ್ಲ. ಅದನ್ನು ಯಾವ ತೀರ್ಪು ತಾನೆ ಮರಳಿಸೀತು?

ಇಂದಿನ ಜಾಗತಿಕ ನಿಯಮದಂತೆ, ಉದ್ದೇಶಪೂರ್ವಕವಾದ ಮೊದಲ ಅಪರಾಧಕ್ಕೆ ಸಾಮಾನ್ಯವಾಗಿ 4 ವರ್ಷಗಳ ನಿಷೇಧವುಂಟು. ಇತರರ ಅಪರಾಧವನ್ನು ಬಯಲಿಗೆಳೆಯಲು ನೆರವಾದವನಿಗೆ ರಿಯಾಯಿತಿಯೂ ಉಂಟು. ಇದು ಸರಿಯಾದ ದಾರಿ. ಅವಧಿ ಮುಗಿಸಿದವನು ಮರಳಿ ಬರಲಿ. ಆದರೆ ಮದ್ದು ಕೊಟ್ಟವರಾರೆಂಬುದನ್ನು ಮರೆಮಾಚದೆ, ಕಟ್ಟುನಿಟ್ಟಾದ ಪರೀಕ್ಷೆಗೆ ತನ್ನನ್ನು ಒಡ್ಡಿಕೊಂಡು ಬರಲಿ. ತಪ್ಪಿದವನಿಗೆ ಎರಡನೆಯ ಅವಕಾಶ ನೀಡುವ ಔದಾರ್ಯವು ಪ್ರಾಮಾಣಿಕನ ಮೊದಲನೆಯ ಅವಕಾಶವನ್ನೇ ಕಸಿಯುವಂತಾಗಬಾರದು.