ಅದೇ ಪಟ್ಟು, ಮತ್ತೆ ಮತ್ತೆ

ಬೆಳಗಾವಿ ಸೀಮೆಯಲ್ಲಿ ಜಾತ್ರೆ ಹತ್ತಿರವಾದರೆ ಗೋಡೆಗಳ ಮೇಲೆ ‘ಜಂಗೀ ನಿಕಾಲಿ ಕುಸ್ತಿ’ಯ ಭಿತ್ತಿಪತ್ರಗಳು ಏಳುತ್ತವೆ. ಒಬ್ಬರು ಚಿತ್ ಆಗುವವರೆಗೂ ಬಿಡದ ಕಾದಾಟ ಅದು. ಆನಂದವಾಡಿ ಆಖಾಡದ ಕೆಂಪು ಮಣ್ಣಿನಲ್ಲಿ ಒಬ್ಬ ಪೈಲ್ವಾನ ಮೊದಲಿನಿಂದ ಕೊನೆತನಕ ಎದುರಾಳಿಯ ಕಾಲಿಗೇ ಕೈ ಹಾಕುತ್ತಿದ್ದರೆ ಅದನ್ನು ಯಾರೂ ಮೋಸ ಎನ್ನುವುದಿಲ್ಲ. ಕಾಲು ಕಾಯ್ದುಕೊಳ್ಳುವುದು ಎದುರಿನವನ ಕೆಲಸ.

ಆನ್‌ಲೈನ್ ಫೈಟಿಂಗ್ ಗೇಮುಗಳಲ್ಲಿ ಸೋತ ಹುಡುಗರ ಮಾತು ಬೇರೆ: “ಅವಗ ಆಟ ಬರಂಗಿಲ್ಲ, ಒಂದ ಏಟ ಸ್ಪ್ಯಾಮ್ ಮಾಡ್ತಾನ.” ಸ್ಪ್ಯಾಮ್ ಅಂದರೆ ಒಂದೇ ಏಟನ್ನು ಬಿಡದೆ ಮತ್ತೆ ಮತ್ತೆ ಹೊಡೆಯುವುದು. ಈ ದೂರಿನಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಕಲೆತಿವೆ. ಅವನ್ನು ಬಿಡಿಸಿ ನೋಡಬೇಕು.

ಮೊದಲನೆಯದು ತಂತ್ರ. 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ಕಂಪನಿ ‘ಸ್ಟ್ರೀಟ್ ಫೈಟರ್ 2’ ಆಟವನ್ನು ಹೊರತಂದಿತು. ಅದರ ನಾಯಕ ರ್‍ಯೂ ಅಂಗೈಯಿಂದ ಬೆಂಕಿಯುಂಡೆ ಎಸೆಯುತ್ತಾನೆ. ಎಸೆಯುತ್ತಲೇ ಇದ್ದರೆ ಎದುರಾಳಿ ಬೇಸತ್ತು ಅದರ ಮೇಲಿಂದ ಹಾರುತ್ತಾನೆ. ಗಾಳಿಯಲ್ಲಿದ್ದವನನ್ನು ರ್‍ಯೂ ಮೇಲ್ಮುಖದ ಗುದ್ದಿನಿಂದ ಕೆಡವುತ್ತಾನೆ. ಅಂದರೆ ಬೆಂಕಿಯುಂಡೆಯ ನಿಜವಾದ ಗುರಿ ಎದುರಾಳಿಯ ಮೈಯಲ್ಲ, ಅವನ ತಾಳ್ಮೆ. ಹಾರದೆ, ತಡೆದುಕೊಳ್ಳುತ್ತ, ಒಂದೊಂದೇ ಹೆಜ್ಜೆ ಮುಂದೆ ಬರುವವನ ಎದುರು ಅದೇ ತಂತ್ರ ಸಡಿಲಾಗುತ್ತದೆ. ಬರೀ ತಡೆಯುತ್ತ ನಿಂತರೂ ಉಳಿಗಾಲವಿಲ್ಲ, ಏಕೆಂದರೆ ತಡೆಯುವವನನ್ನು ಹಿಡಿದು ಎತ್ತಿಹಾಕಬಹುದು. ಹೊಡೆತವನ್ನು ತಡೆ ಗೆಲ್ಲುತ್ತದೆ, ತಡೆಯನ್ನು ಹಿಡಿತ ಗೆಲ್ಲುತ್ತದೆ, ಹಿಡಿಯಲು ಬಂದವನನ್ನು ಹೊಡೆತ ಗೆಲ್ಲುತ್ತದೆ. ಇಂಥ ಪೈಪೋಟಿಯಲ್ಲಿ ಎದುರಾಳಿಗೆ ಮುಂಚಿತವಾಗಿ ಗೊತ್ತಾಗದಂತೆ ಆಯ್ಕೆಗಳನ್ನು ಬೆರೆಸುವುದೇ ದಾರಿ ಎಂಬುದಕ್ಕೆ ಗಣಿತಜ್ಞ ಜಾನ್ ಫಾನ್ ನಾಯ್ಮನ್ 1928ರಲ್ಲೇ ಬುನಾದಿ ಹಾಕಿದ್ದರು. ಹಾಗಾಗಿ ಒಂದೇ ಏಟಿಗೆ ಅಂಟಿಕೊಂಡವನು ಗೆಲ್ಲುತ್ತಲೇ ಇದ್ದರೆ, ಅದಕ್ಕೆ ಉತ್ತರ ಹುಡುಕದ ಎದುರಾಳಿಯ ಪಾಲೂ ಅದರಲ್ಲಿದೆ.

ಆಟದ ನಿಯಮದಲ್ಲಿಲ್ಲದ ಮರ್ಯಾದೆಯನ್ನು ಎದುರಾಳಿಯ ಮೇಲೆ ಹೇರಬಾರದು. ತಂತ್ರ ನಿಜಕ್ಕೂ ಆಟವನ್ನು ಕೆಡಿಸುತ್ತಿದ್ದರೆ ತಿದ್ದಬೇಕಾದದ್ದು ನಿಯಮವನ್ನು. ಫ್ರೀಸ್ಟೈಲ್ ಕುಸ್ತಿಯಲ್ಲಿ ಮುಂದೆ ಬಾರದೆ ಕಾಲ ತಳ್ಳುವವನಿಗೆ 30 ಸೆಕೆಂಡಿನ ಗಡುವು ಕೊಡುತ್ತಾರೆ. ಅಷ್ಟರಲ್ಲಿ ಯಾರೂ ಅಂಕ ಗಳಿಸದಿದ್ದರೆ ಎದುರಾಳಿಗೆ ಒಂದು ಅಂಕ. ಪ್ರೊ ಕಬಡ್ಡಿಯಲ್ಲಿ ಎರಡು ರೇಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಬೇಕು, ಇಲ್ಲವೇ ಔಟು. ನಿಂಟೆಂಡೊದ ‘ಸ್ಮ್ಯಾಶ್ ಬ್ರದರ್ಸ್’ ಆಟವಂತೂ ತಗುಲಿದ ಕೊನೆಯ ಒಂಬತ್ತು ಹೊಡೆತಗಳನ್ನು ನೆನಪಿಟ್ಟುಕೊಂಡು, ಅದೇ ಮರಳಿ ಬಂದರೆ ಅದರ ಬಲ ಇಳಿಸುತ್ತದೆ.

ದೂರಿನ ಇನ್ನೊಂದು ಸಂಗತಿ ಲ್ಯಾಗ್, ಅಂದರೆ ನೆಟ್‌ವರ್ಕಿನ ವಿಳಂಬ. ಇಲ್ಲಿ ಸೋತವನ ಸಿಟ್ಟಿಗೆ ಪೂರ್ತಿ ಕಾರಣವಿದೆ.

ಕಣಕುಂಬಿಯನ್ನೇ ತೆಗೆದುಕೊಳ್ಳಿ. ಜಾಂಬೋಟಿ ದಾಟಿ ಚೋರ್ಲಾ ಘಟ್ಟದತ್ತ ಹೋಗುವ ರಸ್ತೆಯಲ್ಲಿ, ಮಲಪ್ರಭೆ ಹುಟ್ಟುವ, ಭಾರಿ ಮಳೆಯ ಕಾಡೂರು. ಅಲ್ಲಿಂದ ಒಬ್ಬ ಹುಡುಗ ಮುಂಬೈಯವನೊಂದಿಗೆ ಆಡುತ್ತಾನೆಂದುಕೊಳ್ಳಿ. 500 ಕಿಲೋಮೀಟರ್ ಗಾಜಿನ ಎಳೆಯಲ್ಲಿ ಬೆಳಕು ಸಾಗಲು 2.5 ಮಿಲಿಸೆಕೆಂಡ್ ಸಾಕು, ದೂರ ತೊಡಕಲ್ಲ. ತೊಡಕಿರುವುದು ದುರ್ಬಲ ಸಿಗ್ನಲ್ಲಿನಲ್ಲಿ, ದಾರಿಯಲ್ಲಿ ಕಳೆದುಹೋಗಿ ಮತ್ತೆ ಕಳಿಸಬೇಕಾದ ಮಾಹಿತಿಯಲ್ಲಿ. ಈ ಆಟಗಳು ಸೆಕೆಂಡಿಗೆ 60 ಫ್ರೇಮ್ ಓಡುತ್ತವೆ. 20 ಫ್ರೇಮ್ ತೆಗೆದುಕೊಳ್ಳುವ ನಿಧಾನದ ಹೊಡೆತವೆಂದರೆ ಸುಮಾರು 333 ಮಿಲಿಸೆಕೆಂಡ್. ಕಂಡದ್ದಕ್ಕೆ ಕೈ ಓಡಲು ಮನುಷ್ಯನಿಗೆ 200ರಿಂದ 250 ಬೇಕು, ಹಾಗಾಗಿ ಎದುರೆದುರು ಕೂತು ಆಡಿದರೆ ಅದನ್ನು ನೋಡಿ ತಡೆಯಬಹುದು. ನಡುವೆ 100 ಮಿಲಿಸೆಕೆಂಡ್ ವಿಳಂಬ ಸೇರಿದರೆ ಉಳಿಯುವುದು 233. ಹೊಡೆತ ಅದೇ, ಕೈಯೂ ಅದೇ. ಉತ್ತರ ಕೊಡುವ ಅವಕಾಶ ಮಾತ್ರ ಹೆಚ್ಚುಕಡಿಮೆ ಮುಗಿದಿರುತ್ತದೆ. ಕೆಟ್ಟ ನೆಟ್‌ವರ್ಕಿನಲ್ಲಿ ಸ್ಪ್ಯಾಮ್ ಗೆಲ್ಲುವುದು ಇದರಿಂದ. ಅಲ್ಲಿ ಸೋತ ಹುಡುಗನಿಗೆ ‘ಇನ್ನೂ ಕಲಿ’ ಎನ್ನುವುದು ಅನ್ಯಾಯ.

ಇದಕ್ಕೆ ಅಮೆರಿಕದ ಟೋನಿ ಕ್ಯಾನನ್ ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚುಗೆಯದು. ಅವರ ಜಿಜಿಪಿಒ ತಂತ್ರಾಂಶ ದೂರದ ಆಟಗಾರನ ಗುಂಡಿಯೊತ್ತು ಬರುವವರೆಗೆ ಕಾಯುವುದಿಲ್ಲ. ಹಿಂದಿನ ಫ್ರೇಮಿನಲ್ಲಿ ಒತ್ತಿದ್ದನ್ನೇ ಈಗಲೂ ಒತ್ತಿದ್ದಾನೆ ಎಂದು ಊಹಿಸಿ ಆಟ ಮುಂದುವರಿಸುತ್ತದೆ. ಊಹೆ ತಪ್ಪಿದರೆ ಕೆಲವು ಫ್ರೇಮ್ ಹಿಂದೆ ಸರಿದು, ಬಹುಮಟ್ಟಿಗೆ ಕಣ್ಣು ಹಿಡಿಯುವ ಮೊದಲೇ ಸರಿಪಡಿಸುತ್ತದೆ. ಸೆಕೆಂಡಿನ ಅರವತ್ತನೇ ಒಂದು ಭಾಗದಲ್ಲಿ ಯಾರ ಬೆರಳೂ ಸಾಮಾನ್ಯವಾಗಿ ಬದಲಾಗದ ಕಾರಣ ಊಹೆ ಬಹುತೇಕ ಸರಿಯಾಗಿರುತ್ತದೆ. ರೋಲ್‌ಬ್ಯಾಕ್ ಎಂದು ಹೆಸರಾದ ಈ ವಿಧಾನದ ಜಿಜಿಪಿಒ ಕೋಡ್ 2019ರಲ್ಲಿ ಎಲ್ಲರಿಗೂ ಮುಕ್ತವಾಯಿತು.

ಲ್ಯಾಗ್ ಇಲ್ಲದ ಹಳೆಯ ದಾರಿ ಪಕ್ಕದಲ್ಲಿ ಕೂತು ಆಡುವುದು. 2019ರಲ್ಲೇ ಲಾಹೋರಿನ ಅರ್ಸ್ಲಾನ್ ಆಶ್ ‘ಟೆಕ್ಕನ್ 7’ ಆಟದಲ್ಲಿ, ಫೈಟಿಂಗ್ ಗೇಮುಗಳ ‘ಇವೊ’ ಪಂದ್ಯಾವಳಿಯನ್ನು ಜಪಾನ್ ಮತ್ತು ಅಮೆರಿಕ ಎರಡೂ ಕಡೆ ಗೆದ್ದರು. ಅವರು ಪಳಗಿದ್ದು ಊರಿನ ಆರ್ಕೇಡ್ ಅಂಗಡಿಗಳಲ್ಲಿ, ಪಕ್ಕದಲ್ಲಿ ಕೂತವರ ಜೊತೆ ಆಡಿ. ತಾಲೀಮಿನಲ್ಲಿ ವಸ್ತಾದಿಯ ಕಣ್ಣೆದುರು ಜೊತೆಯವರೊಂದಿಗೆ ಒಂದೇ ಪಟ್ಟನ್ನು ಹಾಕುತ್ತ, ಬಿಡಿಸಿಕೊಳ್ಳುತ್ತ ಬೆಳೆಯುವ ಪೈಲ್ವಾನರ ಕ್ರಮವೂ ಇದೇ.

ಒಬ್ಬಂಟಿಗನಿಗೂ ದಾರಿಯಿದೆ. ಈಗಿನ ಆಟಗಳ ಟ್ರೇನಿಂಗ್ ಮೋಡಿನಲ್ಲಿ, ತನ್ನನ್ನು ಸೋಲಿಸಿದ ಹೊಡೆತಗಳ ಸರಣಿಯನ್ನು ರೆಕಾರ್ಡ್ ಮಾಡಿ ಎದುರಿನ ಬೊಂಬೆಯಿಂದ ಅದನ್ನೇ ಹೊಡೆಸಬಹುದು. ಮೊದಲು ತಡೆಯಲು ನೋಡಬೇಕು, ತಡೆದ ಮೇಲೆ ಎದುರಾಳಿ ಎಷ್ಟು ಫ್ರೇಮ್ ತೆರೆದುಬಿದ್ದಿರುತ್ತಾನೆಂದು ನೋಡಬೇಕು, ಆಮೇಲೆ ಆ ಸಂದಿಯಲ್ಲಿ ಯಾವ ಏಟು ಕೂರುತ್ತದೆಂದು ಹುಡುಕಬೇಕು. ಇದಕ್ಕೆ ನೆಟ್‌ವರ್ಕ್ ಬೇಡ. ಶ್ರಾವಣದ ಮಳೆಯಲ್ಲಿ ಟವರ್ ಮಲಗಿದ ದಿನವೂ, ಕರೆಂಟು ಇದ್ದರೆ, ಕಣಕುಂಬಿಯಲ್ಲಿ ಕೂತೇ ಮಾಡಬಹುದು.